ಪ್ರತಿಭೆಗೆ ಗೇಟ್ ಪಾಸ್ ಕೊಡೋರು ಯಾರು?

ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಅಡಿಕೆ ರೇಟು, ಮದುವೆ ಕರೆಯೋಲೆ, ಗುಡ್ ಮಾರ್ನಿಂಗ್ ಹೂವು ಬಿಟ್ಟರೆ ಅತಿ ಹೆಚ್ಚು ಓಡಾಡುವ ವಿಷಯ ರೇಸು. ಭಾನುವಾರ ಫಾರ್ಮುಲಾ ವನ್ ಮುಗಿದ ಕೂಡಲೇ ಜಗಳ ಶುರು. ವರ್ಸ್ಟಾಪನ್ ದೊಡ್ಡವನಾ, ಹ್ಯಾಮಿಲ್ಟನ್ ದೊಡ್ಡವನಾ? ಬೈಕಿನಲ್ಲಿ ರೋಸಿಯಾ, ಮಾರ್ಕೆಸ್ಸಾ? ರ‍್ಯಾಲಿ ಓಡಿಸುವವರನ್ನೂ ಇವರನ್ನೂ ಒಂದೇ ಥರದ ಕಾರಲ್ಲಿ ಕೂರಿಸಿದರೆ ಗೆಲ್ಲೋದು ಯಾರು? ಹುಡುಗರೆಲ್ಲ ಸೇರಿ ಮಧ್ಯರಾತ್ರಿವರೆಗೆ ಕಿತ್ತಾಡ್ತಾರೆ. ಕೊನೆಗೆ ದೊಡ್ಡಪ್ಪ ಒಂದು ಮೆಸೇಜ್ ಹಾಕಿ ಮುಗಿಸ್ತಾರೆ: "ಅದೆಲ್ಲ ಹುಟ್ಟುಗುಣ ಕಣ್ರೋ. ಕಲಿತು ಬರೋದಲ್ಲ."

ಕೇಳೋಕೆ ಚೆನ್ನಾಗಿರೋ ಮಾತು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತ ಗಾದೆ ಬೇರೆ ಇದೆ. ಆದರೆ ಅದರ ಪಕ್ಕದಲ್ಲೇ ನಮ್ಮ ಹಿರಿಯರು ಇನ್ನೊಂದು ಗಾದೆಯನ್ನೂ ಇಟ್ಟು ಹೋಗಿದ್ದಾರೆ: ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ. ಎರಡರಲ್ಲಿ ಯಾವುದು ನಿಜ ಅಂತ ತಲೆ ಕೆಡಿಸಿಕೊಳ್ಳುವ ಅಗತ್ಯ ನನಗೆ ಬಂದಿರಲಿಲ್ಲ, ಕಳೆದ ಮಳೆಗಾಲದಲ್ಲಿ ದುಡ್ಡಿನ ಮಾತು ಬರುವವರೆಗೆ.

ಕೇಳಿದ್ದು ಭದ್ರಾವತಿಯಲ್ಲಿರುವ ಚಿಕ್ಕಪ್ಪನ ಮಗ. ನನಗೆ ತಮ್ಮನೇ. 19 ವರ್ಷ, ಡಿಪ್ಲೊಮಾ ಕೊನೆಯ ವರ್ಷ. "ಅಕ್ಕ, ನಂಗೆ ಡರ್ಟ್ ರೇಸ್ ಮಾಡ್ಬೇಕು. ಅಪ್ಪ ದುಡ್ಡು ಕೊಡಲ್ಲ. ನೀನು ಕೊಡ್ತೀಯಾ?" ಅಂತ ಬರೆದು ನೋಟ್‌ಬುಕ್ ಹಾಳೆಯ ಫೋಟೊ ಒಂದನ್ನ ಕಳಿಸಿದ. ಸೆಕೆಂಡ್ ಹ್ಯಾಂಡ್ ಎಕ್ಸ್‌ಪಲ್ಸ್, ಸಸ್ಪೆನ್ಶನ್ ಕೆಲಸ, ಟೈರು, ಹೆಲ್ಮೆಟ್, ಬೂಟು, ಎದೆಗೂ ಮೊಣಕಾಲಿಗೂ ಗಾರ್ಡು, ತರಬೇತಿ, ಎಂಟ್ರಿ ಫೀಸು, ಓಡಾಟದ ಖರ್ಚು. ಕೆಳಗೆ ಎರಡು ಗೆರೆ ಎಳೆದು ಒಟ್ಟು 1,85,000 ರೂಪಾಯಿ.

ನಾನು ಶಿವಮೊಗ್ಗದ ಒಂದು ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವ ಕೆಲಸ ಮಾಡ್ತೀನಿ. ಆದಾಯ ಎಷ್ಟು, ಭದ್ರತೆ ಏನು, ಹಳೇ ಸಾಲ ಸರಿಯಾಗಿ ಕಟ್ಟಿದಾರಾ, ಇಷ್ಟು ನೋಡಿದರೆ ಅರ್ಧ ತೀರ್ಮಾನ ಆದ ಹಾಗೆ. 'ಪ್ರತಿಭೆ' ಅಂತ ಒಂದು ಕಾಲಂ ನಮ್ಮ ಫಾರಂನಲ್ಲಿ ಇಲ್ಲ. ಆದರೆ ತಮ್ಮನ ಅರ್ಜಿಯಲ್ಲಿ ಇದ್ದದ್ದು ಆ ಒಂದು ಕಾಲಂ ಮಾತ್ರ. ಅದನ್ನ ತುಂಬೋದು ಹೇಗೆ ಅಂತ ನೋಡೋಕೆ ದೊಡ್ಡ ಚಾಂಪಿಯನ್‌ಗಳ ಕತೆಗಳನ್ನ ಒಂದೊಂದಾಗಿ ಹುಡುಕಿ ಓದಿದೆ.

ಅವನಿಗೆ ಪ್ರತಿಭೆ ಇದೆ ಅನ್ನೋದರಲ್ಲಿ ಮನೆಯವರಿಗಂತೂ ಅನುಮಾನ ಇಲ್ಲ. ಹಳೇನಗರದಲ್ಲಿ ಚಿಕ್ಕಪ್ಪನದ್ದು ಟೂ ವೀಲರ್ ಗ್ಯಾರೇಜು. ತಮ್ಮ ನಡೆಯೋದು ಕಲಿತದ್ದೇ ಸ್ಪ್ಯಾನರುಗಳ ಮಧ್ಯೆ. ಬೈಕು ಗಲ್ಲಿಯ ತಿರುವಿನಲ್ಲಿ ಬರ್ತಿರೋವಾಗಲೇ ಸದ್ದು ಕೇಳಿ "ಅಪ್ಪ, ಚೈನ್ ಸಡಿಲ" ಅಂತ ಹೇಳ್ತಿದ್ದ. ಮೇಲಾಗಿ ಅದು ಭದ್ರಾವತಿ. ಹುಟ್ಟು ಪ್ರತಿಭೆ ಅಂದ ಕೂಡಲೇ ಅಲ್ಲಿಯವರು ಜಿ.ಆರ್. ವಿಶ್ವನಾಥ್ ಹೆಸರು ತೆಗೀತಾರೆ. ಅವರು ಹುಟ್ಟಿದ್ದು 1949ರಲ್ಲಿ ಇದೇ ಊರಿನಲ್ಲಿ. ಆ ಮಣಿಕಟ್ಟು, ಆ ಸ್ಕ್ವೇರ್ ಕಟ್ ಯಾರಾದರೂ ಹೇಳಿಕೊಟ್ಟು ಬರೋದಾ ಅಂತ ಕೇಳ್ತಾರೆ. ನಿಜ. ಆದರೆ ಅದೇ ವಿಶ್ವನಾಥ್ 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್ ಆಡಿದಾಗ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆಗೆ ಔಟ್. ಎರಡನೇ ಇನಿಂಗ್ಸ್‌ನಲ್ಲಿ 137. ಮೊದಲ ಇನಿಂಗ್ಸ್ ನೋಡಿಯೇ ಅವರ ಪ್ರತಿಭೆ ಇಷ್ಟೇ ಅಂತ ಬರೆದುಬಿಟ್ಟಿದ್ದರೆ? ಟೆಸ್ಟ್ ಕ್ರಿಕೆಟ್ಟು ಎರಡನೇ ಇನಿಂಗ್ಸ್ ಕೊಡುತ್ತೆ. ರೇಸಿನ ಲೋಕದಲ್ಲಿ ಎಷ್ಟೋ ಹುಡುಗರಿಗೆ ಮೊದಲನೆಯದೇ ಸಿಗಲ್ಲ.

ಹಾಗಾದರೆ ಹುಟ್ಟಿನಿಂದ ಬರೋದು ಏನೂ ಇಲ್ವಾ? ಇದೆ. ಅದನ್ನ ಒಪ್ಪಿಕೊಳ್ಳಬೇಕು. 2023ರ ಫಾರ್ಮುಲಾ ವನ್ ಲೆಕ್ಕವನ್ನೇ ನೋಡಿ. ಆ ವರ್ಷ 22 ರೇಸುಗಳಲ್ಲಿ 21ನ್ನು ರೆಡ್ ಬುಲ್ ತಂಡವೇ ಗೆದ್ದಿತು. ಅಂದರೆ ಕಾರು ಅಷ್ಟು ಚೆನ್ನಾಗಿತ್ತು. ಆದರೆ ತಂಡದಲ್ಲಿ ಇಬ್ಬರು ಓಡಿಸುತ್ತಿದ್ದರು. ಮ್ಯಾಕ್ಸ್ ವರ್ಸ್ಟಾಪನ್ ಗೆದ್ದದ್ದು 19. ಜೊತೆಗಾರ ಸರ್ಜಿಯೊ ಪೆರೆಜ್ ಗೆದ್ದದ್ದು 2. ಪೆರೆಜ್ ಏನೂ ಸಾಮಾನ್ಯನಲ್ಲ, ಅಲ್ಲಿಯವರೆಗೆ ಹೋದವರು ಯಾರೂ ಸಾಮಾನ್ಯರಲ್ಲ. ಒಂದೇ ತಂಡ, ಒಂದೇ ಕಾರು, 19ಕ್ಕೆ 2. ಈ ವ್ಯತ್ಯಾಸಕ್ಕೆ ಏನಾದರೂ ಒಂದು ಹೆಸರು ಬೇಕಲ್ಲ. ದೊಡ್ಡಪ್ಪ ಅದನ್ನ ಹುಟ್ಟುಗುಣ ಅಂತಾರೆ.

ಆದರೆ ಆ ಹುಟ್ಟು ಎಂಥ ಮನೆಯಲ್ಲಿ ಆಯ್ತು ಅನ್ನೋದನ್ನೂ ನೋಡಬೇಕು. ಮ್ಯಾಕ್ಸ್‌ನ ಅಪ್ಪ ಯೋಸ್ ವರ್ಸ್ಟಾಪನ್ ಸ್ವತಃ ಫಾರ್ಮುಲಾ ವನ್ ಓಡಿಸಿದವನು. ಅಮ್ಮ ಸೋಫಿ ಕುಂಪೆನ್ ಕಾರ್ಟಿಂಗ್‌ನಲ್ಲಿ ಹೆಸರು ಮಾಡಿದವಳು. ಹುಡುಗ ನಾಲ್ಕನೇ ವಯಸ್ಸಿಗೆ ಕಾರ್ಟ್ ಹತ್ತಿದ, 2015ರಲ್ಲಿ 17ನೇ ವಯಸ್ಸಿಗೆ ಫಾರ್ಮುಲಾ ವನ್‌ಗೆ ಬಂದ, 2021ರಿಂದ 2024ರವರೆಗೆ ಸತತ ನಾಲ್ಕು ಸಲ ವಿಶ್ವ ಚಾಂಪಿಯನ್ ಆದ. ಏಳು ಸಲ ಚಾಂಪಿಯನ್ ಆದ ಮೈಕೆಲ್ ಶುಮಾಕರ್‌ನ ಮನೆಯಲ್ಲಿ ಇಂಥ ಅನುಕೂಲ ಇರಲಿಲ್ಲ. ಅಪ್ಪ ಗಾರೆ ಕೆಲಸದವರು. ಆದರೆ ಅವರು ಕೆರ್ಪೆನ್ ಎಂಬ ಊರಿನ ಕಾರ್ಟ್ ಟ್ರ್ಯಾಕ್ ನೋಡಿಕೊಳ್ಳುತ್ತಿದ್ದರು. ಮನೆಯಲ್ಲಿ ದುಡ್ಡು ಇರಲಿಲ್ಲ, ಟ್ರ್ಯಾಕ್ ಇತ್ತು. ಇನ್ನೊಬ್ಬ ಏಳು ಸಲದ ಚಾಂಪಿಯನ್ ಲೂಯಿಸ್ ಹ್ಯಾಮಿಲ್ಟನ್‌ಗೆ ಎರಡೂ ಇರಲಿಲ್ಲ. ಅವನ ಅಪ್ಪ ಒಟ್ಟೊಟ್ಟಿಗೆ ಹಲವು ಕೆಲಸ ಮಾಡಿ ಮಗನ ಕಾರ್ಟಿಂಗ್ ಖರ್ಚು ನೋಡಿಕೊಂಡರು. ಹುಡುಗನಿಗೆ 13 ವರ್ಷ ಆದಾಗ ಮೆಕ್ಲಾರೆನ್ ತಂಡ ಕೈ ಹಿಡಿಯಿತು.

ಒಬ್ಬನಿಗೆ ಅಪ್ಪ ಅಮ್ಮನ ಅನುಭವ, ಒಬ್ಬನಿಗೆ ಮನೆ ಪಕ್ಕದ ಟ್ರ್ಯಾಕು, ಒಬ್ಬನಿಗೆ ಅಪ್ಪನ ಬೆವರು. ಪ್ರತಿಭೆ ಮೂವರಿಗೂ ಇತ್ತು. ಆದರೆ ಅದು ಇದೆ ಅಂತ ಲೋಕಕ್ಕೆ ಗೊತ್ತಾಗೋಕೆ ಬೇರೆ ಇನ್ನೇನೋ ಒಂದು ಬೇಕಾಯ್ತು.

ಎರಡನೇ ವಿಷಯ ನನಗೆ ಇನ್ನೂ ಕುತೂಹಲ ಹುಟ್ಟಿಸಿತು. ಹುಟ್ಟುಗುಣ ಅನ್ನೋದು ಒಂದೇ ವಸ್ತುವಾಗಿದ್ದರೆ, ಒಂದು ಕಡೆ ಗೆದ್ದವನು ಎಲ್ಲ ಕಡೆ ಗೆಲ್ಲಬೇಕು. ಹಾಗೆ ಆಗುತ್ತಾ?

ಆದದ್ದುಂಟು. ಇಂಗ್ಲೆಂಡಿನ ಜಾನ್ ಸರ್ಟೀಸ್ 1956, 58, 59, 60ರಲ್ಲಿ 500 ಸಿಸಿ ಬೈಕ್ ರೇಸಿನ ವಿಶ್ವ ಚಾಂಪಿಯನ್. ಆಮೇಲೆ ಕಾರಿಗೆ ಬಂದು 1964ರಲ್ಲಿ ಫೆರಾರಿ ಓಡಿಸಿ ಫಾರ್ಮುಲಾ ವನ್ ಚಾಂಪಿಯನ್. ಎರಡೂ ಮಾಡಿದವನು ಇವತ್ತಿಗೂ ಅವನೊಬ್ಬನೇ. ಅವನ ಬಾಲ್ಯ ಓದಿ ನನಗೆ ನಗು ಬಂತು: ಅಪ್ಪನದ್ದು ಬೈಕ್ ಅಂಗಡಿ, ಅಪ್ಪನೂ ಸೈಡ್‌ಕಾರ್ ರೇಸಿಗೆ ಹೋಗುತ್ತಿದ್ದವರು. ಹಳೇನಗರದ ಗ್ಯಾರೇಜೇ ಕಣ್ಮುಂದೆ ಬಂತು. ಇನ್ನೊಬ್ಬ ಫ್ರಾನ್ಸಿನ ಸ್ಟೆಫಾನ್ ಪೀಟರ್‌ಹ್ಯಾನ್ಸೆಲ್. ಡಕಾರ್ ರ‍್ಯಾಲಿಯನ್ನ ಬೈಕಿನಲ್ಲಿ 6 ಸಲ, ಕಾರಿನಲ್ಲಿ 8 ಸಲ, ಒಟ್ಟು 14 ಸಲ ಗೆದ್ದವನು.

ಆಗದೆ ಇದ್ದದ್ದೂ ಉಂಟು. 2007ರ ಫಾರ್ಮುಲಾ ವನ್ ಚಾಂಪಿಯನ್ ಕಿಮಿ ರೈಕೊನೆನ್ 2010 ಮತ್ತು 2011ರಲ್ಲಿ ವಿಶ್ವ ರ‍್ಯಾಲಿಗೆ ಹೋದ. ಅವನ ಅತ್ಯುತ್ತಮ ಫಲಿತಾಂಶ 5ನೇ ಸ್ಥಾನ. ಇನ್ನು ಸೆಬಾಸ್ಟಿಯನ್ ಲೋಬ್. 2004ರಿಂದ 2012ರವರೆಗೆ ಸತತ ಒಂಬತ್ತು ವರ್ಷ ವಿಶ್ವ ರ‍್ಯಾಲಿ ಚಾಂಪಿಯನ್. 2022ರಲ್ಲಿ, 47ನೇ ವಯಸ್ಸಿನಲ್ಲಿ, ಮೊಂಟೆ ಕಾರ್ಲೊ ರ‍್ಯಾಲಿ ಗೆದ್ದು ಗೆಲುವಿನ ಸಂಖ್ಯೆಯನ್ನ 80ಕ್ಕೆ ಏರಿಸಿದ. ಇಷ್ಟು ದೊಡ್ಡ ಆಟಗಾರ 2016ರಿಂದ 2025ರವರೆಗೆ ಡಕಾರ್‌ನಲ್ಲಿ ಮತ್ತೆ ಮತ್ತೆ ಪ್ರಯತ್ನಿಸಿದ. 2017, 2022, 2023ರಲ್ಲಿ ಎರಡನೇ ಸ್ಥಾನ ಬಂತು. ಗೆಲುವು ಮಾತ್ರ ಸಿಗಲಿಲ್ಲ.

ಯಾಕೆ ಅಂತ ಅರ್ಥ ಆಗಬೇಕಾದರೆ ಈ ಆಟಗಳ ಒಳಗಿನ ವ್ಯತ್ಯಾಸ ತಿಳಿಯಬೇಕು. ಸರ್ಕ್ಯೂಟ್ ರೇಸಿನಲ್ಲಿ ಅದೇ ತಿರುವು ಐವತ್ತು ಅರವತ್ತು ಸಲ ಬರುತ್ತೆ, ಪ್ರತಿ ಸಲವೂ ಸೆಕೆಂಡಿನ ಹತ್ತರಲ್ಲೊಂದು ಭಾಗ ಉಳಿಸಬೇಕು. ರ‍್ಯಾಲಿಯಲ್ಲಿ ಮೊದಲು ನಿಧಾನವಾಗಿ ಹೋಗಿ ರಸ್ತೆ ನೋಡಿ ಟಿಪ್ಪಣಿ ಬರೆದುಕೊಳ್ತಾರೆ. ರೇಸಿನ ದಿನ ಪಕ್ಕದಲ್ಲಿ ಕೂತ ಕೋ-ಡ್ರೈವರ್ ಅದನ್ನ ಓದುತ್ತಾ ಹೋದ ಹಾಗೆ, ಡ್ರೈವರ್ ತನಗಿನ್ನೂ ಕಾಣದ ತಿರುವಿಗೆ ಕಾರು ತಿರುಗಿಸಬೇಕು. ಡಕಾರ್‌ನಲ್ಲಿ ಮುಂಚೆ ರಸ್ತೆ ನೋಡೋ ಹಾಗೇ ಇಲ್ಲ. ಎರಡು ವಾರ ಮರಳು, ಕಲ್ಲು. ದಾರಿ ತಪ್ಪಬಾರದು, ಗಾಡಿ ಮುರೀಬಾರದು, ನಾಳೆಗೂ ಶಕ್ತಿ ಉಳಿಸಿಕೊಳ್ಳಬೇಕು. ಒಂದರಲ್ಲಿ ವೇಗ, ಇನ್ನೊಂದರಲ್ಲಿ ನಂಬಿಕೆ, ಮತ್ತೊಂದರಲ್ಲಿ ತಾಳ್ಮೆ.

ನಂಬಿಕೆ ಅಂದೆನಲ್ಲ, ಅದಕ್ಕೆ ನಮ್ಮ ಕಡೆಯದೇ ಉದಾಹರಣೆ ಇದೆ. ಏಷ್ಯಾ ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ಕೆಲವು ವರ್ಷ ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯಲ್ಲೇ ನಡೀತಿತ್ತು. ಭದ್ರಾವತಿಯಿಂದ ತರೀಕೆರೆ ದಾಟಿದರೆ ಆಚೆಗೆ ಅದೇ ಮಣ್ಣು. ಆ ಚಾಂಪಿಯನ್‌ಶಿಪ್‌ನ್ನ 2013, 2016, 2017ರಲ್ಲಿ ಗೆದ್ದವರು ದೆಹಲಿಯ ಗೌರವ್ ಗಿಲ್. 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮೊದಲ ಮೋಟಾರು ಕ್ರೀಡಾಪಟು ಅವರೇ. ರಾಷ್ಟ್ರೀಯ ರ‍್ಯಾಲಿಗಳಲ್ಲಿ ವರ್ಷಗಟ್ಟಲೆ ಗಿಲ್ ಪಕ್ಕದಲ್ಲಿ ಕೂತು ಟಿಪ್ಪಣಿ ಓದಿದವರು ಕಾಸರಗೋಡಿನ ಮೂಸಾ ಶರೀಫ್. ಗೆದ್ದಾಗ ಪೇಪರಿನಲ್ಲಿ ದೊಡ್ಡದಾಗಿ ಬರೋದು ಒಂದು ಹೆಸರು. ಕಾರಿನೊಳಗೆ ಇರೋದು ಎರಡು ಪ್ರತಿಭೆ.

ಇದನ್ನೇ 2020ರಲ್ಲಿ ಕಂಬಳದ ಶ್ರೀನಿವಾಸ ಗೌಡರು ನಮಗೆಲ್ಲ ಬೇರೆ ಥರ ತೋರಿಸಿದ್ದರು. ನೆನಪಿದೆಯಲ್ಲ? ಐಕಳ ಕಂಬಳದಲ್ಲಿ ಕೋಣಗಳ ಹಿಂದೆ 142.5 ಮೀಟರನ್ನ 13.62 ಸೆಕೆಂಡಿನಲ್ಲಿ ಓಡಿದರು ಅಂತ ದೇಶವೇ ಕುಣಿಯಿತು. ಉಸೇನ್ ಬೋಲ್ಟ್ ಜೊತೆ ಹೋಲಿಕೆ, ಕೇಂದ್ರ ಕ್ರೀಡಾ ಸಚಿವರಿಂದ ಟ್ರಯಲ್ಸ್‌ಗೆ ಕರೆ. ಗೌಡರು ಒಪ್ಪಲಿಲ್ಲ. ಗದ್ದೆಯ ಓಟ ಬೇರೆ, ಟ್ರ್ಯಾಕಿನ ಓಟ ಬೇರೆ ಅಂತ ಅವರಿಗೆ ಗೊತ್ತಿತ್ತು. ಊರಿಗೆಲ್ಲ ಕಂಡದ್ದು ಬರೀ ವೇಗ. ಅವರಿಗೆ ಗೊತ್ತಿದ್ದದ್ದು ತಮ್ಮ ಆಟ.

ಲೋಬ್ ವಿಷಯಕ್ಕೆ ವಾಪಸ್ ಬರ್ತೀನಿ. ಯಾಕಂದರೆ ನನ್ನ ತೀರ್ಮಾನಕ್ಕೆ ದಾರಿ ಸಿಕ್ಕಿದ್ದು ಅವನ ಕತೆಯಲ್ಲೇ. ಅವನು ರೇಸಿನ ಮನೆತನದವನಲ್ಲ. ಹುಡುಗನಾಗಿದ್ದಾಗ ಜಿಮ್ನಾಸ್ಟಿಕ್ಸ್ ಮಾಡ್ತಿದ್ದ, ಆಮೇಲೆ ಎಲೆಕ್ಟ್ರಿಷಿಯನ್ ಕೆಲಸ. ರೇಸಿಗೆ ಬಂದದ್ದು 20 ದಾಟಿದ ಮೇಲೆ. ಬಂದದ್ದು ಹೇಗೆ? ಫ್ರಾನ್ಸಿನ ಮೋಟಾರು ಕ್ರೀಡಾ ಫೆಡರೇಶನ್ 'ರ‍್ಯಾಲಿ ಜೂನ್' ಅಂತ ಯುವಕರಿಗಾಗಿ ಒಂದು ಆಯ್ಕೆ ನಡೆಸುತ್ತಿತ್ತು. ಸ್ವಂತ ಕಾರು ಬೇಡ, ಅಪ್ಪನ ಹೆಸರು ಬೇಡ. ಸಣ್ಣ ಶುಲ್ಕ ಕಟ್ಟಿ, ಅವರು ಕೊಟ್ಟ ಕಾರನ್ನೇ ಓಡಿಸಬೇಕು. ತೀರ್ಪು ಗಡಿಯಾರದ್ದು. ಲೋಬ್ 1995 ಮತ್ತು 1996ರಲ್ಲಿ ಕೊನೆಯ ಹಂತದವರೆಗೆ ಹೋದ. ಎರಡು ಸಲವೂ ಗೆಲ್ಲಲಿಲ್ಲ! ಆದರೆ ನೋಡಬೇಕಾದವರ ಕಣ್ಣಿಗೆ ಬಿದ್ದ.

ಹತ್ತು ವರ್ಷದ ನಂತರ, 2005ರಲ್ಲಿ, ಅದೇ ಆಯ್ಕೆಯಲ್ಲಿ ಗೆದ್ದವನು ಆಲ್ಪ್ಸ್ ಬೆಟ್ಟದ ಕಡೆಯ ಸೆಬಾಸ್ಟಿಯನ್ ಓಜಿಯೆ. ಸ್ಕೀಯಿಂಗ್ ಹೇಳಿಕೊಡುತ್ತಿದ್ದ ಹುಡುಗ. 2013ರಿಂದ 2018ರವರೆಗೆ ಸತತ ಆರು ಸಲ ವಿಶ್ವ ರ‍್ಯಾಲಿ ಚಾಂಪಿಯನ್ ಆದವನು ಅವನೇ. ಲೋಬ್‌ನ ಒಂಬತ್ತು, ಇವನ ಆರು ಸೇರಿಸಿ. 2004ರಿಂದ 2018ರವರೆಗಿನ 15 ವರ್ಷದಲ್ಲಿ ವಿಶ್ವ ಪ್ರಶಸ್ತಿ ಬೇರೆಯವರಿಗೆ ಒಂದು ಸಲವೂ ಸಿಗಲಿಲ್ಲ. ಇಬ್ಬರೂ ಒಂದೇ ಬಾಗಿಲಿನಿಂದ ಬಂದವರು.

ಪ್ರತಿಭಾವಂತರೆಲ್ಲ ಫ್ರಾನ್ಸಿನಲ್ಲೇ ಹುಟ್ಟಬೇಕು ಅಂತ ದೇವರೇನಾದರೂ ಬರೆದಿದ್ದಾನಾ? ಇಲ್ಲ. ಅಲ್ಲಿ ಯಾರೋ ಬಾಗಿಲು ತೆಗೆದು ಹುಡುಕಿದರು, ಸಿಕ್ಕಿತು. ಅಷ್ಟೇ.

ಭದ್ರಾವತಿಯಲ್ಲಿ ಬೆಳೆದವರಿಗೆ ಗೇಟ್ ಪಾಸ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ನೀವು ಎಷ್ಟೇ ಒಳ್ಳೆ ವೆಲ್ಡರ್ ಆಗಿರಿ, ಫಿಟ್ಟರ್ ಆಗಿರಿ, ಕೈಯಲ್ಲಿ ಪಾಸ್ ಇಲ್ಲದೆ ಕಾರ್ಖಾನೆಯ ಒಳಗೆ ಬಿಡಲ್ಲ. ಒಳಗೆ ಹೋದ ಮೇಲೆ ಕೆಲಸ ಗೊತ್ತಿದೆಯಾ ಇಲ್ವಾ ಅನ್ನೋದು ಎರಡನೇ ಮಾತು. ರೇಸಿನಲ್ಲೂ ಹಾಗೇ. ನಾವು ಚಾಂಪಿಯನ್ ಅಂತ ಕರೆಯೋದು ಪಾಸ್ ಸಿಕ್ಕಿದವರ ಪೈಕಿ ಅತಿ ವೇಗದವನನ್ನ. ಗೇಟಿನ ಹೊರಗೆ ಅವನಿಗಿಂತ ವೇಗದವನು ಇದ್ದನೋ ಇಲ್ಲವೋ ಯಾರಿಗೂ ಗೊತ್ತಾಗಲ್ಲ.

ಕರ್ನಾಟಕದ ಹೆಸರುಗಳನ್ನ ತೆಗೆದುಕೊಂಡರೂ ಇದೇ ಕಾಣುತ್ತೆ. 2025ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟೂ ಸ್ಪ್ರಿಂಟ್ ರೇಸ್ ಗೆದ್ದ ಬೆಂಗಳೂರಿನ ಕುಶ್ ಮೈನಿ ನಿಜಕ್ಕೂ ಪ್ರತಿಭಾವಂತ. ಅಲ್ಲಿ ಗೆದ್ದ ಮೊದಲ ಭಾರತೀಯ. ಅಣ್ಣ ಅರ್ಜುನ್ ಕೂಡ ರೇಸರ್. ಅಪ್ಪ ಗೌತಮ್ ಮೈನಿ ಒಂದು ಕಾಲದ ರೇಸರ್, ಉದ್ಯಮಿ. ಚಿಕ್ಕ ವಯಸ್ಸಿನಲ್ಲೇ ಟ್ರ್ಯಾಕ್ ನೋಡಿದ ಮಕ್ಕಳು ಅವರು. ಇದು ಅವರ ತಪ್ಪಲ್ಲ, ಅವರ ಗೆಲುವು ಸಣ್ಣದೂ ಆಗಲ್ಲ. ಆದರೆ ಸರ್ಕ್ಯೂಟ್ ರೇಸಿನ ದಾರಿ ಅಷ್ಟು ದುಬಾರಿ. ಸಾಧಾರಣ ಮನೆಯ ಮಕ್ಕಳಿಗೆ ಸ್ವಲ್ಪವಾದರೂ ಎಟುಕೋದು ಮಣ್ಣಿನ ದಾರಿ.

ಬೆಂಗಳೂರಿನ ಸಿ.ಎಸ್. ಸಂತೋಷ್ ಮೋಟೋಕ್ರಾಸ್‌ನಿಂದ ಬಂದು, 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಆದರು. ಸ್ಥಾನ 36. ಉಡುಪಿಯ ಕೆ.ಪಿ. ಅರವಿಂದ್, ನಮ್ಮಲ್ಲಿ ಅನೇಕರಿಗೆ ಬಿಗ್ ಬಾಸ್‌ನಿಂದ ಗೊತ್ತು, 2017 ಮತ್ತು 2018ರಲ್ಲಿ ಡಕಾರ್ ಪೂರ್ತಿ ಮಾಡಲಾಗದೆ ಮರಳಿದರು. 2019ರಲ್ಲಿ ಮುಗಿಸಿದರು, 37ನೇ ಸ್ಥಾನ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2018ರಲ್ಲಿ ಸ್ಪೇನ್‌ನ ರೇಸಿನಲ್ಲಿ ಬಿದ್ದು ಹೊಟ್ಟೆಯೊಳಗೆ ದೊಡ್ಡ ಪೆಟ್ಟು ಮಾಡಿಕೊಂಡರು. ಮರುವರ್ಷ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗದಲ್ಲಿ ದುಬೈನಲ್ಲಿ ಮೊದಲು, ಪೋರ್ಚುಗಲ್‌ನಲ್ಲಿ ಮೂರನೆಯವರು, ಅದೇ ಸ್ಪೇನ್‌ನಲ್ಲಿ ಐದನೆಯವರು, ಹಂಗೇರಿಯಲ್ಲಿ ನಾಲ್ಕನೆಯವರು. ಒಟ್ಟು 65 ಅಂಕ. ಮೋಟಾರು ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಭಾರತೀಯರಾದರು.

ಈ ಸಾಲನ್ನ ಎರಡು ಸಲ ಓದಿ. ಒಂದು ಮೊದಲ ಸ್ಥಾನ, ಮೂರು ಬೇರೆ ಸ್ಥಾನ. ವಿಶ್ವ ಪ್ರಶಸ್ತಿ ಬಂದದ್ದು ನಾಲ್ಕನ್ನೂ ಮುಗಿಸಿದ್ದಕ್ಕೆ. ದೊಡ್ಡಪ್ಪನ ಹುಟ್ಟುಗುಣದಲ್ಲಿ 'ಮುಗಿಸೋದು' ಅನ್ನೋ ಗುಣಕ್ಕೆ ಜಾಗ ಇದೆಯಾ?

ಈ ಓದೆಲ್ಲ ನಡೀತಿರೋವಾಗ ಜನವರಿಯಲ್ಲಿ ಊರಿನ ಹತ್ತಿರವೇ ಒಂದು ಡರ್ಟ್ ರೇಸ್ ಇತ್ತು. ಸ್ಥಳೀಯರಿಗೆ ಬೇರೆ ವಿಭಾಗ. ತಮ್ಮ ಗೆಳೆಯನ ಬೈಕು, ಇನ್ಯಾರದ್ದೋ ಹೆಲ್ಮೆಟ್, ಮತ್ತೊಬ್ಬರ ಬೂಟು ಹಾಕಿಕೊಂಡು ಇಳಿದ. 16 ಜನರಲ್ಲಿ 7ನೆಯವನಾದ. ಅವತ್ತು ರಾತ್ರಿ ಗ್ರೂಪಿನಲ್ಲಿ ಬಂದ ತೀರ್ಪು: "ಹುಟ್ಟುಗುಣ ಇದ್ದಿದ್ರೆ ಫಸ್ಟ್ ಬರ್ತಿದ್ದ ಬಿಡಿ."

ನನಗೆ ಸಿಟ್ಟು ಬಂದದ್ದು ಅಲ್ಲಿ. ಗೆದ್ದವನನ್ನ ಏರಿಸೋಕೂ ಅದೇ ಪದ, ಸೋತವನನ್ನ ಮನೆಗೆ ಕಳಿಸೋಕೂ ಅದೇ ಪದ. ಇದರಿಂದ ಯಾರಿಗೂ ಖರ್ಚಿಲ್ಲ. 'ಅವನಿಗೆ ಹುಟ್ಟುಗುಣ ಇದೆ' ಅಂದರೆ ತರಬೇತಿ ಕೊಡಿಸಬೇಕಿಲ್ಲ, ಅದು ತಾನೇ ಬರುತ್ತೆ. 'ಇಲ್ಲ' ಅಂದರೆ ತರಬೇತಿ ದಂಡ. ಎರಡರಲ್ಲೂ ದುಡ್ಡು ಉಳಿಯಿತು!

ತಮ್ಮನ ಗೆಳೆಯ ಫೋನಿನಲ್ಲಿ ಸಮಯ ಬರೆದುಕೊಂಡಿದ್ದ. ನಾಲ್ಕು ಲ್ಯಾಪು. ಗೆದ್ದವನದ್ದು 52, 52, 53, 52 ಸೆಕೆಂಡು. ತಮ್ಮನದ್ದು 58, 53, 61, 54. ಇಂಥ ಅಂಕಿ ಓದೋದು ನನ್ನ ದಿನನಿತ್ಯದ ಕೆಲಸ. ಯಾರದ್ದೇ ಆದರೂ ಒಂದು ತಿಂಗಳ ಸಂಬಳದ ಚೀಟಿ ನೋಡಿ ನಾವು ಸಾಲ ಕೊಡಲ್ಲ, ಆರು ತಿಂಗಳ ಸ್ಟೇಟ್‌ಮೆಂಟ್ ಕೇಳ್ತೀವಿ. ತಮ್ಮನ ಎರಡನೇ ಲ್ಯಾಪು ಗೆದ್ದವನ ಹತ್ತಿರ ಹತ್ತಿರ ಇದೆ. ಎರವಲು ಬೈಕಿನಲ್ಲಿ, ತರಬೇತಿ ಇಲ್ಲದೆ. ಅಂದರೆ ವೇಗ ಇದೆ. ಆದರೆ ಅದು ಒಂದು ಲ್ಯಾಪಿನಲ್ಲಿ ಬಂದು ಮುಂದಿನದರಲ್ಲಿ ಹೋಗುತ್ತೆ. ಗೆದ್ದವನು ಬೆಂಗಳೂರಿನಲ್ಲಿ ಮೂರು ವರ್ಷದಿಂದ ಕಲೀತಿರೋ ಹುಡುಗ ಅಂತ ಆಮೇಲೆ ಗೊತ್ತಾಯ್ತು. ಅವನ 52, 52, 53, 52 ಹುಟ್ಟಿನಿಂದ ಬಂದದ್ದಲ್ಲ, ಅದು ಮೂರು ವರ್ಷದ ಅಭ್ಯಾಸ.

ಚಿಕ್ಕಪ್ಪನ ಹತ್ತಿರ ಮಾತಾಡೋಕೆ ಗ್ಯಾರೇಜಿಗೆ ಹೋದೆ. ಅವರು ಕೈ ಒರೆಸಿಕೊಳ್ತಾ ಹೇಳಿದ್ದು ಇಷ್ಟು: "ನೋಡಮ್ಮ, ನನ್ನ ಮಗನಿಗೆ ಧೈರ್ಯ ಇದೆ ಅಂತ ಎಲ್ರೂ ಹೇಳ್ತಾರೆ. ಇಲ್ಲಿಗೆ ಮುರಿದು ಬರೋ ಬೈಕೆಲ್ಲ ಧೈರ್ಯ ಇದ್ದೋರದ್ದೇ."

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. 2021ರ ಡಕಾರ್‌ನಲ್ಲಿ ಸಂತೋಷ್ ಬಿದ್ದು ಕೋಮಾದಲ್ಲಿದ್ದ ಸುದ್ದಿ ಚಿಕ್ಕಪ್ಪನಿಗೆ ಗೊತ್ತಿತ್ತು. ಅವರು ಚೇತರಿಸಿಕೊಂಡರು. 2023ರ ಆಗಸ್ಟ್‌ನಲ್ಲಿ ಚೆನ್ನೈ ಹತ್ತಿರದ ಟ್ರ್ಯಾಕ್‌ನಲ್ಲಿ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ರೇಸಿನಲ್ಲಿ ಬಿದ್ದವನು ಉಳಿಯಲಿಲ್ಲ. ಆ ಸುದ್ದಿ ಚಿಕ್ಕಮ್ಮನಿಗೆ ಇವತ್ತಿಗೂ ನೆನಪಿದೆ. ಆ ಮಗುವೂ ಪ್ರತಿಭಾವಂತನೇ ಆಗಿದ್ದ. ಪ್ರತಿಭೆ ಹೆಲ್ಮೆಟ್ ಅಲ್ಲ.

ಆದರೆ ಇನ್ನೊಂದು ಲೆಕ್ಕವೂ ಇತ್ತು. 'ಬೇಡ' ಅಂದ ಮಾತ್ರಕ್ಕೆ 19ರ ಹುಡುಗ ವೇಗ ಬಿಡಲ್ಲ. ಶಿವಮೊಗ್ಗದಿಂದ ಭದ್ರಾವತಿಗೆ ಬಿ.ಎಚ್. ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್. ರಾತ್ರಿ ಹೊತ್ತು ಆ ರಸ್ತೆಯಲ್ಲಿ ತಮ್ಮ ರೇಸರ್ ಅಂತ ತಾವೇ ತೀರ್ಮಾನಿಸಿಕೊಂಡ ಹುಡುಗರು ಎಷ್ಟು ಜನ ಬರ್ತಾರೆ ಅಂತ ಆ ಕಡೆ ಓಡಾಡೋರಿಗೆಲ್ಲ ಗೊತ್ತು. ಅಲ್ಲಿ ಲಾರಿ ಬರುತ್ತೆ, ದನ ಬರುತ್ತೆ, ಬಸ್ ಇಳಿದ ಅಜ್ಜಿ ರಸ್ತೆ ದಾಟ್ತಾರೆ. ಗಾರ್ಡ್ ಇಲ್ಲ, ಬಾವುಟ ತೋರಿಸೋರಿಲ್ಲ, ಆಂಬುಲೆನ್ಸ್ ಕಾಯ್ತಿರಲ್ಲ. ವೇಗ ಇರೋ ಹುಡುಗನಿಗೆ ನಾವು ಒಳಗೆ ಬಿಡೋ ಗೇಟು ತೋರಿಸದೇ ಇದ್ದರೆ ಅವನಿಗೆ ಉಳಿಯೋದು ಆ ರಸ್ತೆ.

ಫೆಬ್ರವರಿಯಲ್ಲಿ ತಮ್ಮನಿಗೆ ಉತ್ತರ ಕೊಟ್ಟೆ. ನೀನು ಕೇಳಿದ 1,85,000 ಕೊಡಲ್ಲ. 75,000 ಕೊಡ್ತೀನಿ, ಸಾಲ ಅಲ್ಲ. ಅದರಲ್ಲಿ ಮೊದಲು ಹೆಲ್ಮೆಟ್, ಬೂಟು, ಗಾರ್ಡು, ಎಲ್ಲ ನಿನ್ನ ಅಳತೆಯದ್ದು. ಉಳಿದದ್ದು ತರಬೇತಿಗೆ. ಬೈಕು ಈಗ ಬೇಡ, ಕಲಿಸೋ ಕಡೆ ಬಾಡಿಗೆಗೆ ಸಿಗುತ್ತೆ. ಡಿಪ್ಲೊಮಾ ಮುಗಿಯಬೇಕು. ಬಿ.ಎಚ್. ರಸ್ತೆಯಲ್ಲಿ ಒಂದು ದಿನ ಓವರ್‌ಸ್ಪೀಡ್ ಅಂತ ಕೇಳಿದರೂ ಅಲ್ಲಿಗೆ ಮುಗೀತು. ಆರು ರೇಸಿನ ಲ್ಯಾಪ್ ಟೈಮ್ ತೋರಿಸು, ಬೈಕಿನ ಮಾತು ಆಮೇಲೆ. ಹೀರೋ ಕಂಪನಿ 2022ರಲ್ಲಿ ಶುರು ಮಾಡಿದ ಡರ್ಟ್ ಬೈಕಿಂಗ್ ಚಾಲೆಂಜ್ ಥರದ ಆಯ್ಕೆಗಳು ನಮ್ಮಲ್ಲೂ ಬಂದಿವೆ. ಅಂಥದ್ದು ಯಾವುದು ಬಂದರೂ ಹೋಗು, ಆ ಫೀಸು ನಂದು.

"ಅಕ್ಕ, ನಂಗೆ ಟ್ಯಾಲೆಂಟ್ ಇದೆ ಅಂತ ನಿಂಗೆ ಅನ್ಸುತ್ತಾ?" ಅಂತ ಕೇಳಿದ. "ನಂಗೆ ಗೊತ್ತಿಲ್ಲ ಕಣೋ. ಗೊತ್ತು ಮಾಡ್ಕೊಳ್ಳೋಕೇ ದುಡ್ಡು ಕೊಡ್ತಿರೋದು" ಅಂದೆ. ಸ್ವಲ್ಪ ಮುಖ ಸಣ್ಣ ಮಾಡಿಕೊಂಡ. ಆದರೆ ಇದಕ್ಕಿಂತ ಪ್ರಾಮಾಣಿಕ ಉತ್ತರ ನನ್ನ ಹತ್ತಿರ ಇಲ್ಲ. ಲೋಬ್‌ನನ್ನ 1995ರಲ್ಲಿ ನೋಡಿದವರ ಹತ್ತಿರವೂ ಇದ್ದಿರಲಿಕ್ಕಿಲ್ಲ.

ಮಾರ್ಚ್‌ನಲ್ಲಿ ಎರಡು ದಿನ ಕಲಿತು ಬಂದ. "ನಂಗೆ ಬೈಕ್ ಮೇಲೆ ನಿಂತ್ಕೊಳ್ಳೋಕೇ ಬರ್ತಿರ್ಲಿಲ್ಲ ಅಕ್ಕ" ಅಂದ. ಕಣ್ಣು ಮುಂದಿನ ಚಕ್ರದ ಮೇಲೆ ಇಡಬಾರದು, ಹೋಗಬೇಕಾದ ಕಡೆ ಇಡಬೇಕು ಅಂತ ಹೇಳಿಕೊಟ್ಟರಂತೆ. ಹತ್ತು ವರ್ಷದಿಂದ ಬೈಕ್ ಮುಟ್ಟಿದ ಹುಡುಗನಿಗೆ ಇದು ಹೊಸ ವಿಷಯ. ಚಿಕ್ಕಮ್ಮ ನನ್ನ ಹತ್ತಿರ ಮೊದಲಿನ ಹಾಗೆ ಮಾತಾಡಲ್ಲ. ಊಟಕ್ಕೆ ಬಡಿಸ್ತಾರೆ, ಆ ವಿಷಯ ಎತ್ತಲ್ಲ. ಅವರ ಭಯಕ್ಕೆ ಕಾರಣ ಇದೆ, ಅದನ್ನ ನಾನು ಹೊತ್ತುಕೊಳ್ಳಲೇಬೇಕು.

ಮೇ ತಿಂಗಳಲ್ಲಿ ಇನ್ನೊಂದು ಸಣ್ಣ ರೇಸ್ ಆಯ್ತು. 55, 54, 59, 54. ಸ್ಥಾನ 5. ಗ್ಯಾರೇಜಿನ ಗೋಡೆಯಲ್ಲಿ, ಸ್ಪ್ಯಾನರುಗಳ ಪಕ್ಕ, ತಮ್ಮ ಆ ಚೀಟಿ ಅಂಟಿಸಿದ್ದಾನೆ. ಹೋದ ವಾರ ನಾನು ಹೋದಾಗ ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಅದನ್ನೇ ನೋಡ್ತಾ ನಿಂತಿದ್ದರು. ಹುಟ್ಟುಗುಣ ಇದೆಯೋ ಇಲ್ಲವೋ ಅಂತ ಕೇಳಲಿಲ್ಲ.

"ಈ ಮೂರನೇ ರೌಂಡು 59 ಯಾಕೆ ಬಂತೋ?" ಅಂತ ಮಗನನ್ನ ಕೇಳಿದರು.